ಜಾಝ್ ಫ್ಯೂಷನ್‌ಗೆ ಹಗುರವಾದ ಎಲೆಕ್ಟ್ರಿಕ್ ಗಿಟಾರ್: ಹಾಸನ, ಚಿಕ್ಕಮಗಳೂರಿನ ವಾದಕರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಜಾಝ್ ಫ್ಯೂಷನ್, ಅಂದರೆ ರಾಕ್ ಮುಂತಾದವು ಬೆರೆತ ಜಾಝ್ ನುಡಿಸುವವರು ಒಂದೇ ವಾದ್ಯದಿಂದ ಎರಡು ಬಗೆಯ ನಾದವನ್ನು ಬಯಸುತ್ತಾರೆ. ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು ಹಿಡಿಯುವಾಗ ದುಂಡಗಿನ, ತಿಳಿಯಾದ ನಾದ ಬೇಕು. ಮನೋಧರ್ಮಕ್ಕೆ ಇಳಿದಾಗ ಡಿಸ್ಟಾರ್ಷನ್ (ಬೇಕೆಂದೇ ಒರಟಾಗಿಸಿದ ಸದ್ದು) ಬೆರೆತ, ಬಹಳ ಹೊತ್ತು ನಿಲ್ಲುವ ನಾದ ಬೇಕು. ಇದರ ಅಭ್ಯಾಸವೂ ದೀರ್ಘವಾದದ್ದು: ಸ್ಕೇಲುಗಳು, ಬೆಸ ಲೆಕ್ಕದ ತಾಳಗಳು, ಕೈಬೆರಳನ್ನು ಐದಾರು ಫ್ರೆಟ್‌ಗಳಷ್ಟು ಅಗಲಿಸಬೇಕಾದ ಕಾರ್ಡ್‌ಗಳು, ಇವನ್ನೆಲ್ಲ ಸಾಧಿಸಲು ದಿನಕ್ಕೆ ಎರಡು ಮೂರು ಗಂಟೆ ಕುಳಿತಿರಬೇಕಾಗುತ್ತದೆ. ಆದ್ದರಿಂದ ತೂಕ, ಆರಾಮ ಎಂಬ ಎರಡು ವಿಷಯಗಳನ್ನು ಇಲ್ಲಿ ನಾದದಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಹಾಸನ, ಚಿಕ್ಕಮಗಳೂರಿನಲ್ಲಿ ಇರುವವರು ಹತ್ತು ಬಗೆಯ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಎರಡರಲ್ಲಿ ಯಾವ ದಾರಿ ಹಿಡಿದರೂ ಏನನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲೇ ಸ್ಪಷ್ಟವಾಗಿರುವುದು ಒಳ್ಳೆಯದು.

ಮೊದಲು ತೂಕದ ಲೆಕ್ಕವನ್ನು ನೋಡೋಣ. ಗಿಬ್ಸನ್ ಲೆಸ್ ಪಾಲ್ ಮಾದರಿಯ ಗಿಟಾರ್ ಸಾಮಾನ್ಯವಾಗಿ 4ರಿಂದ 4.5 ಕಿಲೋ ತೂಗುತ್ತದೆ. ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಮತ್ತು ಅದರ ರೂಪದಲ್ಲಿ ಬಂದ ಇತರ ಗಿಟಾರ್‌ಗಳು 3.3ರಿಂದ 3.8 ಕಿಲೋದೊಳಗೆ ಬರುತ್ತವೆ. ತೆಳು ಒಡಲಿನ ಸಾಲಿಡ್ ಬಾಡಿ, ಅಂದರೆ ಟೊಳ್ಳಿಲ್ಲದ ಗಟ್ಟಿ ಮರದ ಗಿಟಾರ್‌ಗಳು 3 ಕಿಲೋದ ಆಸುಪಾಸಿನಲ್ಲಿರುತ್ತವೆ. ತಲೆಯಿಲ್ಲದ, ಅಂದರೆ ಹೆಡ್‌ಲೆಸ್ ಗಿಟಾರ್‌ಗಳು ಎರಡೂವರೆ ಕಿಲೋಗೂ ಇಳಿಯುತ್ತವೆ. ಇನ್ನೊಂದು ತುದಿಯಲ್ಲಿ, 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಫ್ಯೂಷನ್ ತಂಡ ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ಅವರು ವೇದಿಕೆಯಲ್ಲಿ ಹೊತ್ತು ನುಡಿಸುತ್ತಿದ್ದ ಎರಡು ಕತ್ತಿನ ಗಿಟಾರ್ ಗಿಬ್ಸನ್ ಇಡಿಎಸ್-1275 ಐದು ಕಿಲೋ ಮೀರಿದ್ದು. ಅದನ್ನು ನೋಡಿ ಆಸೆಪಡಬಹುದು, ಹೆಗಲಿಗೆ ಹಾಕಿಕೊಳ್ಳುವ ಗೋಜಿಗೆ ಮಾತ್ರ ಹೋಗದಿರುವುದು ಲೇಸು.

ಒಂದೇ ಮಾದರಿಯ ಎರಡು ಗಿಟಾರ್‌ಗಳ ನಡುವೆಯೂ ಅರ್ಧ ಕಿಲೋ ವ್ಯತ್ಯಾಸ ಇರಬಹುದು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮರ ಒಂದೇ ಜಾತಿಯದಾದರೂ ಒಂದೊಂದು ಹಲಗೆಯ ಸಾಂದ್ರತೆ ಒಂದೊಂದು ರೀತಿ ಇರುತ್ತದೆ. ಆದ್ದರಿಂದ ಕಂಪನಿಯ ಪಟ್ಟಿಯಲ್ಲಿ ಬರೆದ ತೂಕವನ್ನು ನಂಬಿ ಕೂರದೆ, ಅಂಗಡಿಗೆ ಹೋಗುವಾಗ ಕೊಕ್ಕೆಯಿರುವ ಚಿಕ್ಕ ಡಿಜಿಟಲ್ ತಕ್ಕಡಿಯೊಂದನ್ನು ಜೊತೆಗೆ ಒಯ್ಯಬೇಕು. ಕಾಫಿ ತೋಟಗಳಲ್ಲಿ ಹಣ್ಣಿನ ಚೀಲ ನೇತುಹಾಕಿ ತೂಗುವುದನ್ನು ಕಂಡವರಿಗೆ ಇದರ ಬಳಕೆಯನ್ನು ಹೇಳಿಕೊಡಬೇಕಾಗಿಲ್ಲ. ಗಿಟಾರನ್ನು ಬ್ಯಾಗಿನ ಸಮೇತ ಕೊಕ್ಕೆಗೆ ಹಾಕಿ, ಬಳಿಕ ಖಾಲಿ ಬ್ಯಾಗಿನ ತೂಕವನ್ನು ಕಳೆದರೆ ಆಯಿತು. ಆನ್‌ಲೈನ್‌ನಲ್ಲಿ ಕೊಳ್ಳುವವರು ಆ ನಿರ್ದಿಷ್ಟ ಗಿಟಾರಿನ ತೂಕವನ್ನು ಬರೆದು ತಿಳಿಸುವಂತೆ ಮಾರಾಟಗಾರರನ್ನು ಕೇಳಬಹುದು. ಹೇಳಲು ಮನಸ್ಸಿಲ್ಲದವರ ಬಳಿ ದುಬಾರಿ ವಾದ್ಯವನ್ನು ಕೊಳ್ಳದಿರುವುದೇ ಮೇಲು.

ಹೀಗಿದ್ದರೂ, ತಕ್ಕಡಿಯ ಅಂಕಿಯಷ್ಟರಿಂದಲೇ ಆರಾಮ ತೀರ್ಮಾನವಾಗುವುದಿಲ್ಲ. ತೂಕ ಎಲ್ಲಿ ಕೂತಿದೆ ಎಂಬುದು ಅದಕ್ಕಿಂತ ಮುಖ್ಯ. ಆರು ಟ್ಯೂನಿಂಗ್ ಕೀಲಿಗಳೇ ಸೇರಿ ಹತ್ತಿರ ಹತ್ತಿರ ಕಾಲು ಕಿಲೋ ತೂಗುತ್ತವೆ, ಮತ್ತು ಆ ಭಾರವೆಲ್ಲ ಗಿಟಾರಿನ ಕಟ್ಟಕಡೆಯ ತುದಿಯಲ್ಲಿ ಇರುತ್ತದೆ. ಒಡಲು ಬಹಳ ಹಗುರವಾಗಿ, ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ ಕತ್ತಿನ ಬುಡದಲ್ಲೇ ಇದ್ದರೆ, ಕೈ ಬಿಟ್ಟೊಡನೆ ಕತ್ತು ನೆಲದ ಕಡೆ ವಾಲುತ್ತದೆ. ಗಿಬ್ಸನ್ ಎಸ್‌ಜಿ ಮಾದರಿ ಇದಕ್ಕೆ ಹೆಸರಾದದ್ದು: 3 ಕಿಲೋದ ಆಸುಪಾಸಿನ ಹಗುರ ಗಿಟಾರೇ ಆದರೂ ಎಡಗೈ ಅದನ್ನು ಸದಾ ಎತ್ತಿ ಹಿಡಿದಿರಬೇಕಾಗುತ್ತದೆ. ಎತ್ತಿ ಹಿಡಿಯುವ ಕೈ ಸ್ವರಗಳ ಮೇಲೆ ಸಲೀಸಾಗಿ ಓಡುವುದಿಲ್ಲ; ಲೆಗಾಟೊ (ಸ್ವರಗಳನ್ನು ಬಿಡಿಬಿಡಿಯಾಗಿ ಮೀಟದೆ ಬೆಸೆದು ನುಡಿಸುವುದು) ಪ್ರಧಾನವಾದ ಫ್ಯೂಷನ್ ಶೈಲಿಗೆ ಇದು ನೇರ ಅಡ್ಡಿ. ನಾಲ್ಕು ಕಿಲೋ ತೂಗಿಯೂ ಸಮತೋಲದಲ್ಲಿರುವ ಗಿಟಾರ್ ಒಂದು ಗಂಟೆಯ ಬಳಿಕ ಹೆಗಲನ್ನು ನೋಯಿಸುತ್ತದೆ, ಮೂರು ಕಿಲೋ ತೂಗಿ ತಲೆ ತಗ್ಗಿಸುವ ಗಿಟಾರ್ ಹತ್ತು ನಿಮಿಷದಲ್ಲೇ ಮಣಿಕಟ್ಟನ್ನು ನೋಯಿಸುತ್ತದೆ. ಎರಡರಲ್ಲಿ ಒಂದನ್ನು ಸಹಿಸಲೇಬೇಕೆಂದರೆ ನಾನು ಮೊದಲನೆಯದನ್ನು ಸಹಿಸುತ್ತೇನೆ. ಮೂರು ಇಂಚು ಅಗಲದ, ಒಳಮೈ ಒರಟಾಗಿರುವ ಚರ್ಮದ ಪಟ್ಟಿ ಹಾಕಿದರೆ ವಾಲುವುದು ತುಸು ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವವರು ಬಹುಪಾಲು ಕುಳಿತೇ ನುಡಿಸುವುದರಿಂದ ಒಡಲಿನ ಆಕಾರವನ್ನೂ ನೋಡಬೇಕು. 1954ರಲ್ಲಿ ಬಂದ ಸ್ಟ್ರ್ಯಾಟೊಕ್ಯಾಸ್ಟರ್‌ನಲ್ಲಿ ಹಿಂಬದಿಯನ್ನು ಹೊಟ್ಟೆಗೆ ಒಪ್ಪುವಂತೆ ಕೆತ್ತಿ, ಮುಂಬದಿಯಲ್ಲಿ ಮುಂಗೈ ಊರುವ ಅಂಚನ್ನು ಇಳಿಜಾರು ಮಾಡಿದರು. ಎಪ್ಪತ್ತು ವರ್ಷಗಳ ನಂತರವೂ ಆರಾಮದ ಮಾತು ಬಂದಾಗ ಎಲ್ಲರೂ ಆ ಕೆತ್ತನೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಹಳೆಯದಾದ ಟೆಲಿಕ್ಯಾಸ್ಟರ್ ಚಪ್ಪಟೆ ಹಲಗೆ. ಅದರ ಚೂಪು ಅಂಚು ಬೇಸಿಗೆಯಲ್ಲಿ ತೋಳಿಲ್ಲದ ಬನಿಯನ್ ಹಾಕಿ ಕುಳಿತವರ ಮುಂಗೈ ಮೇಲೆ ಗೆರೆ ಮೂಡಿಸದೆ ಬಿಡುವುದಿಲ್ಲ. ಆದರೂ ಮೈಕ್ ಸ್ಟರ್ನ್ ಅವರಂಥ ಫ್ಯೂಷನ್ ದಿಗ್ಗಜರು ಟೆಲಿಕ್ಯಾಸ್ಟರ್ ರೂಪದ ಗಿಟಾರಿನಲ್ಲೇ ದಶಕಗಳ ಕಾಲ ನುಡಿಸಿದ್ದಾರೆ.

ಎಡಗೈಗೆ ಸಂಬಂಧಿಸಿದಂತೆ ಮುಖ್ಯವಾದದ್ದು ತಂತಿಯ ಉದ್ದ. ಫೆಂಡರ್ ಸಂಪ್ರದಾಯದ ಗಿಟಾರ್‌ಗಳಲ್ಲಿ ಅದು 25.5 ಇಂಚು, ಗಿಬ್ಸನ್ ಸಂಪ್ರದಾಯದಲ್ಲಿ 24.75 ಇಂಚು. ಮುಕ್ಕಾಲು ಇಂಚಿನ ಈ ಅಂತರದಿಂದ, ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಏರಿಸಿದಾಗ ಬಿಗಿತ ಸುಮಾರು ಶೇಕಡಾ 6ರಷ್ಟು ಕಡಿಮೆಯಾಗುತ್ತದೆ. ಒಂದನೇ ಫ್ರೆಟ್‌ನಿಂದ ಐದನೇ ಫ್ರೆಟ್‌ವರೆಗಿನ ದೂರ 126 ಮಿಲಿಮೀಟರ್‌ನಿಂದ 122ಕ್ಕೆ ಇಳಿಯುತ್ತದೆ. ಕೈ ಚಿಕ್ಕದಿರುವವರಿಗೆ ಈ ನಾಲ್ಕು ಮಿಲಿಮೀಟರ್ ಬಹಳ ದೊಡ್ಡದು. ಫಿಂಗರ್‌ಬೋರ್ಡಿನ ಬಾಗು ಕೂಡ ಗಮನಾರ್ಹ. ಬಾಗು ಹೆಚ್ಚಿರುವ ಹಳೆಯ ಮಾದರಿಗಳಲ್ಲಿ, ತಂತಿ ತಗ್ಗಿನಲ್ಲಿದ್ದರೆ, ತಂತಿಯನ್ನು ಎಳೆದಾಗ ಸ್ವರ ಮಧ್ಯದಲ್ಲೇ ಕಟ್ಟಿಹೋಗುತ್ತದೆ. ಬಾಗಿನ ತ್ರಿಜ್ಯ 12 ಇಂಚು ಇರುವ ಅಥವಾ ಅದಕ್ಕೂ ಚಪ್ಪಟೆಯಾದ ಬೋರ್ಡಿನಲ್ಲಿ ಹೀಗಾಗುವುದು ಅಪರೂಪ. ನಮ್ಮ ಭಾಗದವರಿಗೆ ಇದು ಇನ್ನಷ್ಟು ಮುಖ್ಯವಾಗಬಹುದು. ಗಾಯಕ ಆರ್. ಕೆ. ಶ್ರೀಕಂಠನ್ ಅವರನ್ನು ಕೊಟ್ಟ ರುದ್ರಪಟ್ಟಣ ಇರುವುದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ; ಕರ್ನಾಟಕ ಸಂಗೀತ ಕೇಳಿ ಬೆಳೆದವರ ಕೈ ಗಿಟಾರಿನಲ್ಲೂ ಗಮಕವನ್ನು ಹುಡುಕುತ್ತದೆ. ಪ್ರಸನ್ನ ಅವರು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೃತಿಗಳನ್ನು ಗಮಕಸಹಿತ ನುಡಿಸುವುದನ್ನು ಕೇಳಿದವರಿಗೆ ಅದು ಆಗುವ ಮಾತೆಂದು ಗೊತ್ತು. ಅಂಥ ವಾದನಕ್ಕೆ ಚಪ್ಪಟೆ ಬೋರ್ಡು, ಎತ್ತರದ ಫ್ರೆಟ್, 9 ಅಥವಾ 10ರ ತಂತಿ (ಅತಿ ತೆಳು ತಂತಿಯ ದಪ್ಪ 0.009 ಅಥವಾ 0.010 ಇಂಚು) ಇರುವ ಗಿಟಾರೇ ಸರಿ.

ಇನ್ನು ಮಾದರಿಗಳಿಗೆ ಬರೋಣ. ಫ್ಯೂಷನ್ ಎಂದೊಡನೆ ಮೊದಲು ನೆನಪಾಗುವುದು ಸೆಮಿ-ಹಾಲೋ. 1958ರಲ್ಲಿ ಬಂದ ಗಿಬ್ಸನ್ ಇಎಸ್-335ರ ಒಡಲು ಎರಡೂ ಪಕ್ಕಗಳಲ್ಲಿ ಟೊಳ್ಳು, ನಡುವೆ ಮಾತ್ರ ಉದ್ದಕ್ಕೂ ಮರದ ತೊಲೆ. ಆ ತೊಲೆಯಿಂದಾಗಿಯೇ ಆ್ಯಂಪಿನ, ಅಂದರೆ ಆ್ಯಂಪ್ಲಿಫೈಯರಿನ ಸದ್ದು ಏರಿಸಿದಾಗ ಕೀಂ ಎನ್ನುವ ಫೀಡ್‌ಬ್ಯಾಕ್ ಹತೋಟಿಯಲ್ಲಿರುತ್ತದೆ. ಲ್ಯಾರಿ ಕಾರ್ಲ್‌ಟನ್ ಅವರಿಗೆ ಮಿಸ್ಟರ್ 335 ಎಂಬ ಹೆಸರೇ ಬಂದದ್ದು ಈ ಗಿಟಾರಿನಿಂದ; ಜಾನ್ ಸ್ಕೋಫೀಲ್ಡ್ ಅವರು ದಶಕಗಳಿಂದ ನುಡಿಸುತ್ತಿರುವ ಐಬನೆಜ್ ಎಎಸ್-200 ಕೂಡ ಇದೇ ಜಾತಿಯದು. ಕತ್ತಿನ ಬಳಿಯ ಹಂಬಕರ್‌ನಲ್ಲಿ (ತಂತಿಯ ಕಂಪನವನ್ನು ಹಿಡಿಯುವ, ಎರಡು ಸುರುಳಿಯ ಪಿಕಪ್) ಹೊಮ್ಮುವ ದುಂಡಗಿನ ನಾದಕ್ಕೆ ಇದನ್ನು ಮೀರಿಸುವುದು ಕಷ್ಟ. ಆದರೆ ಟೊಳ್ಳು ಎಂದಮಾತ್ರಕ್ಕೆ ಹಗುರವೆಂದು ಭಾವಿಸಬಾರದು: ಆ ತೊಲೆಯೂ ಲೋಹದ ಭಾಗಗಳೂ ಸೇರಿ ಇದು ಮೂರೂವರೆಯಿಂದ ನಾಲ್ಕು ಕಿಲೋ ತೂಗುತ್ತದೆ. ಹದಿನಾರು ಇಂಚು ಅಗಲದ ಒಡಲಿನ ಮೇಲೆ ಬಲಗೈ ಚಾಚಿ ಕೂರುವುದರಿಂದ ಗಿಡ್ಡನೆಯವರಿಗೆ ಹೆಗಲು ಮೇಲೇರಿಸಿಕೊಂಡೇ ನುಡಿಸುವ ಅಭ್ಯಾಸ ಅಂಟಿಕೊಳ್ಳುತ್ತದೆ. ಈ ನಾದವೇ ಬೇಕೆನ್ನುವವರು ಇದರ ಕಿರಿಯ ರೂಪಗಳಾದ ಎಪಿಫೋನ್ ಇಎಸ್-339 ಅಥವಾ ಐಬನೆಜ್‌ನ ಎಎಂ ಸರಣಿಯನ್ನು ನೋಡಬೇಕು. ನಾದದಲ್ಲಿ ಹೆಚ್ಚು ಬಿಟ್ಟುಕೊಡದೆ ಮಡಿಲಿನಲ್ಲಿ ಚೊಕ್ಕಟವಾಗಿ ಕೂರುತ್ತವೆ.

ಪೂರ್ತಿ ಟೊಳ್ಳಾದ ಗಿಟಾರ್‌ಗಳನ್ನು ಇಲ್ಲಿ ಬದಿಗಿಡುತ್ತೇನೆ. ಪ್ಯಾಟ್ ಮೆಥೀನಿ ಅವರ ಕೈಯಲ್ಲಿ ಗಿಬ್ಸನ್ ಇಎಸ್-175 ಏನೆಲ್ಲ ಮಾಡಿತು ಎಂಬುದು ನಿಜವೇ, ಮತ್ತು ಅವು ತೂಕದಲ್ಲಿ ಹಗುರವೂ ಹೌದು. ಆದರೆ ಡಿಸ್ಟಾರ್ಷನ್ ಹಾಕಿದೊಡನೆ ಫೀಡ್‌ಬ್ಯಾಕ್ ಶುರುವಾಗುವ ವಾದ್ಯದಲ್ಲಿ ಫ್ಯೂಷನ್‌ನ ಅರ್ಧ ಭಾಗವನ್ನು ನುಡಿಸಲಾಗದು. ಲೆಸ್ ಪಾಲ್ ಕೂಡ ನಾದದಲ್ಲಿ ಸೊಗಸು, ತೂಕದ ಕಾರಣದಿಂದ ಈ ಪಟ್ಟಿಯಲ್ಲಿ ನಿಲ್ಲುವುದಿಲ್ಲ.

ಎರಡನೆಯದು ಸ್ಟ್ರ್ಯಾಟ್ ರೂಪದ ಗಿಟಾರ್. ಮಿತವಾದ ಬೆಲೆಯಲ್ಲಿ ಯಮಾಹಾ ಪೆಸಿಫಿಕಾ 112 ಇವತ್ತಿಗೂ ನಂಬಿಗಸ್ತ ಆಯ್ಕೆ: ಆಲ್ಡರ್ ಮರದ ಒಡಲು, ಒಡಲಿನ ಮೇಲೆ ತಂತಿ ಊರುವ ಬ್ರಿಡ್ಜ್ ಬಳಿ ಹಂಬಕರ್, ಉಳಿದೆರಡು ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್, ಸುಮಾರು 13.75 ಇಂಚು ತ್ರಿಜ್ಯದ ಚಪ್ಪಟೆ ಬೋರ್ಡು. ಐಬನೆಜ್‌ನ ಎಝಡ್‌ಇಎಸ್ ಸರಣಿ ಇದಕ್ಕೆ ಪ್ರತಿಸ್ಪರ್ಧಿ. ಅದರಲ್ಲಿ ಪಾಪ್ಲರ್ ಮರದ ಒಡಲು ಮತ್ತು 25 ಇಂಚಿನ ತಂತಿಯುದ್ದ ಇರುವುದರಿಂದ ಚಿಕ್ಕ ಕೈಗಳಿಗೆ ಇನ್ನೂ ಸುಲಭ. ಇವುಗಳಲ್ಲಿ ಕೊರತೆ ಒಂದೇ: ಜಾಝ್ ನಾದ ಬರಬೇಕಾದ ಕತ್ತಿನ ಬಳಿ ಇಂಥ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಂಗಲ್ ಕಾಯಿಲ್. ಟೋನ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ನಾದ ಸಾಕಷ್ಟು ದುಂಡಗಾಗುತ್ತದೆ, ಆದರೆ ಗುಂಯ್ ಎನ್ನುವ ಸದ್ದು ಹಾಗೇ ಉಳಿಯುತ್ತದೆ. ಸಿಂಗಲ್ ಕಾಯಿಲ್ ಗಾತ್ರದಲ್ಲೇ ದೊರೆಯುವ ಹಂಬಕರ್ ಒಂದನ್ನು ಅಲ್ಲಿ ಕೂರಿಸಿದರೆ ಮರ ಕೊರೆಯದೆಯೇ ಈ ಕೊರತೆ ನೀಗುತ್ತದೆ. ಬೆಸುಗೆ ಹಾಕಲು ಬಲ್ಲ ರೇಡಿಯೊ ರಿಪೇರಿಯವರು ಯಾವ ಊರಿನಲ್ಲಾದರೂ ಇದನ್ನು ಮಾಡಿಕೊಡಬಹುದು, ತಂತಿ ಜೋಡಣೆಯ ಚಿತ್ರವನ್ನು ಕೈಗೆ ಕೊಟ್ಟರೆ ಸಾಕು.

ಟೆಲಿಕ್ಯಾಸ್ಟರ್ ಥಿನ್‌ಲೈನ್ ನಡುವಿನ ದಾರಿ. ಹಗುರವಾದ ಆ್ಯಶ್ ಮರ ಸಿಗುವುದು ಕಷ್ಟವಾದಾಗ ಒಡಲನ್ನು ಒಳಗಿನಿಂದ ಕೊರೆದು ಭಾರ ಇಳಿಸುವ ಸಲುವಾಗಿ ಫೆಂಡರ್ 1968ರಲ್ಲಿ ಇದನ್ನು ತಂದಿತು. ಮುಂಗೈಗೆ ಇಳಿಜಾರು ಇಲ್ಲ ಎಂಬುದನ್ನು ಬಿಟ್ಟರೆ ದೂರಲು ಹೆಚ್ಚೇನೂ ಇಲ್ಲ.

ಮೂರನೆಯ ಗುಂಪು ತೆಳು ಒಡಲಿನ ಸಾಲಿಡ್ ಬಾಡಿ, ಅದರಲ್ಲೂ ಐಬನೆಜ್‌ನ ಎಸ್ ಸರಣಿ. 1987ರಿಂದ ಬರುತ್ತಿರುವ ಈ ಗಿಟಾರಿನ ಒಡಲು ನಡುವೆ ಮಾತ್ರ ದಪ್ಪಗಿದ್ದು ಅಂಚಿನ ಕಡೆ ತೆಳುವಾಗುತ್ತ ಹೋಗುತ್ತದೆ. ಪಕ್ಕೆಲುಬಿಗೆ ಒತ್ತುವ ಮೂಲೆ ಎಲ್ಲಿಯೂ ಇಲ್ಲ. ಎಸ್-521ರಲ್ಲಿ ಎರಡೂ ಕಡೆ ಹಂಬಕರ್, ಅಲುಗಾಡದ ಬ್ರಿಡ್ಜ್, ತೆಳುವಾದ ಕತ್ತು, 24 ಫ್ರೆಟ್‌ಗಳಿವೆ. ಈ 24 ಫ್ರೆಟ್ ಎಂಬುದು ಲಾಭವೂ ಹೌದು, ನಷ್ಟವೂ ಹೌದು. ಮಾಮೂಲಿ 22ಕ್ಕಿಂತ ಎರಡು ಫ್ರೆಟ್ ಹೆಚ್ಚಾದ್ದರಿಂದ ಕತ್ತಿನ ಪಿಕಪ್ ಬ್ರಿಡ್ಜ್ ಕಡೆಗೆ ಸರಿಯಬೇಕಾಗುತ್ತದೆ, ಸರಿದಷ್ಟೂ ನಾದದ ದುಂಡುತನ ತುಸು ತಗ್ಗುತ್ತದೆ. ತಿಳಿನಾದದ ಕಾರ್ಡ್‌ಗಳಿಗಿಂತ ವೇಗದ ಸ್ವರಸಂಚಾರಕ್ಕೆ ಹೆಚ್ಚು ಒಲಿದವರಿಗೆ ಇದು ಲೆಕ್ಕಕ್ಕೆ ಬರುವ ನಷ್ಟವಲ್ಲ.

ನಾಲ್ಕನೆಯದಾದ ಹೆಡ್‌ಲೆಸ್ ಗಿಟಾರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನೆಡ್ ಸ್ಟೈನ್‌ಬರ್ಗರ್ ಅವರು 1980ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ವಿನ್ಯಾಸದಲ್ಲಿ ಶ್ರುತಿ ಮಾಡುವ ಕೀಲಿಗಳು ತಲೆಯ ಬದಲು ಬ್ರಿಡ್ಜ್‌ನಲ್ಲಿರುತ್ತವೆ. 2017ರಲ್ಲಿ ತೀರಿಕೊಂಡ ಆಲನ್ ಹೋಲ್ಡ್ಸ್‌ವರ್ತ್, ಅಂದರೆ ಫ್ಯೂಷನ್ ಲೆಗಾಟೊಗೆ ಇನ್ನೊಂದು ಹೆಸರೆಂಬಂತಿದ್ದವರು, ಮೊದಲು ಸ್ಟೈನ್‌ಬರ್ಗರ್, ಕೊನೆಯ ವರ್ಷಗಳಲ್ಲಿ ಕಾರ್ವಿನ್ ಹೆಡ್‌ಲೆಸ್ ಗಿಟಾರ್‌ಗಳನ್ನು ನುಡಿಸಿದರು. ತುದಿಯ ಭಾರವೇ ಇಲ್ಲದ್ದರಿಂದ ಕತ್ತು ವಾಲುವುದಿಲ್ಲ, ಕೈಬಿಟ್ಟರೂ ಇಟ್ಟಲ್ಲೇ ನಿಲ್ಲುತ್ತದೆ. ಉದ್ದದಲ್ಲಿ ಸಾಮಾನ್ಯ ಗಿಟಾರಿಗಿಂತ ಹೆಚ್ಚುಕಡಿಮೆ ಒಂದು ಗೇಣು ಕಿರಿದಾದ್ದರಿಂದ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು ಬರುವವರಿಗೂ, ಬೈಕಿನಲ್ಲಿ ಬೆನ್ನಿಗೆ ಹಾಕಿಕೊಂಡು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವವರಿಗೂ ಇದು ದೊಡ್ಡ ಅನುಕೂಲ. ಸ್ವೀಡನ್‌ನ ಸ್ಟ್ರಾಂಡ್‌ಬರ್ಗ್ ಬೋಡೆನ್ ಈ ಗುಂಪಿನಲ್ಲಿ ಹೆಸರುವಾಸಿ; ಅದರ ಕತ್ತಿನ ಹಿಂಬದಿ ದುಂಡಗಿರದೆ ಪಟ್ಟೆ ಪಟ್ಟೆಯಾಗಿ ಕೆತ್ತಿದ್ದು, ಹೆಬ್ಬೆರಳಿಗೆ ಊರಲು ಚಪ್ಪಟೆ ಜಾಗ ಸಿಗುತ್ತದೆ. ಕೆಲವರಿಗೆ ಅದು ಒಂದೇ ದಿನದಲ್ಲಿ ಒಗ್ಗುತ್ತದೆ, ಕೆಲವರಿಗೆ ಕೊನೆಗೂ ಒಗ್ಗುವುದಿಲ್ಲ. ಬೆಲೆಯೂ ಲಕ್ಷ ರೂಪಾಯಿ ದಾಟುವುದರಿಂದ ನುಡಿಸಿ ನೋಡದೆ ತರಿಸುವ ಸಾಹಸ ಬೇಡ. 2021ರಲ್ಲಿ ಬಂದ ಐಬನೆಜ್ ಕ್ಯೂ ಸರಣಿ ಅದಕ್ಕಿಂತ ಕಡಿಮೆ ಬೆಲೆಯದು, ಕತ್ತು ಮಾಮೂಲಿ ದುಂಡಗಿನದು. ಎರಡು ಹಂಬಕರ್ ಇರುವ ಕ್ಯೂ-52 ಫ್ಯೂಷನ್‌ಗೆ ಹೊಂದುತ್ತದೆ. ಓರೆ ಫ್ರೆಟ್‌ಗಳಿರುವ ಕ್ಯೂಎಕ್ಸ್ ಮಾದರಿ ಮಾತ್ರ ಎಲ್ಲರ ಕೈಗೂ ಹಿಡಿಸುವಂಥದ್ದಲ್ಲ.

ಹೆಡ್‌ಲೆಸ್‌ನಲ್ಲಿ ಕಿರಿಕಿರಿಗಳೂ ಇವೆ. ಹಳೆಯ ಸ್ಟೈನ್‌ಬರ್ಗರ್‌ಗೂ ಅದರ ಅಗ್ಗದ ಸ್ಪಿರಿಟ್ ಮಾದರಿಗೂ ಎರಡೂ ತುದಿಯಲ್ಲಿ ಗುಂಡು ಇರುವ ವಿಶೇಷ ತಂತಿ ಬೇಕು. ಅದು ಹಾಸನದ ಅಂಗಡಿಯಲ್ಲಿ ಸಿಗುತ್ತದೆಂದು ನೆಚ್ಚಿಕೊಳ್ಳಲಾಗದು. ಸ್ಟ್ರಾಂಡ್‌ಬರ್ಗ್ ಮತ್ತು ಕ್ಯೂ ಸರಣಿಗೆ ಮಾಮೂಲಿ ತಂತಿಯೇ ಸಾಕು, ಆದರೆ ತಂತಿಯನ್ನು ತುದಿಯಲ್ಲಿ ಅಲೆನ್ ಕೀಯಿಂದ ಬಿಗಿಯಬೇಕು. ಆ ಕೀ ಕಳೆದುಹೋದರೆ ಕಾರ್ಯಕ್ರಮದ ನಡುವೆ ತಂತಿ ಬದಲಿಸುವುದು ಅಸಾಧ್ಯ. ಬ್ಯಾಗಿನಲ್ಲಿ ಎರಡು ಕೀ ಇಟ್ಟುಕೊಳ್ಳುವುದು ಜಾಣತನ. ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್‌ಗೆ ಜಾಗವಿಲ್ಲ, ಗೋಡೆಯ ಕೊಕ್ಕೆಗೆ ನೇತುಹಾಕುವಂತಿಲ್ಲ.

ನಾದ, ತೂಕಗಳ ಜೊತೆಗೆ ಈ ಎರಡು ಜಿಲ್ಲೆಗಳಲ್ಲಿ ಹವೆಯೂ ಒಂದು ಅಳತೆ. ಮರದ ವಾದ್ಯಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚರ್ಮದ ಪಟ್ಟಿಯ ಮೇಲೆ ಬೂಷ್ಟು ಕಟ್ಟುತ್ತದೆ. ಮರ ಉಬ್ಬಿ ಕತ್ತು ಅಲುಗುವುದು ಸಹಜ. ಅದೇ ಕಡೂರು, ಅರಸೀಕೆರೆಯ ಬೇಸಿಗೆಯಲ್ಲಿ ಬೋರ್ಡು ಒಣಗಿ ಕುಗ್ಗಿ, ಫ್ರೆಟ್‌ಗಳ ತುದಿ ಹೊರಚಾಚಿ ಅಂಗೈಗೆ ಗೀರುತ್ತದೆ. ಆದ್ದರಿಂದ ಮಲೆನಾಡಿನವರು ಶಾಖದಲ್ಲಿ ಹದ ಮಾಡಿದ, ಅಂದರೆ ರೋಸ್ಟೆಡ್ ಮೇಪಲ್ ಕತ್ತು ಇರುವ ಗಿಟಾರಿಗೆ ಒಂದಿಷ್ಟು ಹೆಚ್ಚು ಹಣ ಕೊಟ್ಟರೂ ಅದು ದಂಡವಲ್ಲ. ಸ್ಪ್ರಿಂಗ್ ಮೇಲೆ ತೇಲುವ ಟ್ರೆಮೊಲೊ ಬ್ರಿಡ್ಜ್ ಬದಲು ಅಲುಗಾಡದ ಬ್ರಿಡ್ಜ್ ಆರಿಸಿಕೊಳ್ಳುವುದೂ ಒಳಿತು, ಏಕೆಂದರೆ ತೇಲುವ ಬ್ರಿಡ್ಜ್‌ನಲ್ಲಿ ಒಂದು ತಂತಿಯ ಬಿಗಿತ ಬದಲಾದರೆ ಉಳಿದೈದರ ಶ್ರುತಿಯೂ ಕೆಡುತ್ತದೆ. ಗಿಟಾರನ್ನು ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು, ಆ ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸುವುದು, ನುಡಿಸಿದ ಬಳಿಕ ತಂತಿ ಒರೆಸುವುದು, ಇವಿಷ್ಟನ್ನು ಮಾಡಿದರೆ ತುಕ್ಕು ಬಹುಮಟ್ಟಿಗೆ ದೂರ.

ಕರೆಂಟಿನ ವಿಷಯವೂ ಇದೆ. ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ 50 ಹರ್ಟ್ಸ್ ವಿದ್ಯುತ್ತಿನ ಗುಂಗನ್ನು ಹೀರಿಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ಎರಡು ಕಾಯಿಲ್‌ಗಳನ್ನು ಎದುರುಬದುರಾಗಿ ಜೋಡಿಸಿ ಹಂಬಕರ್ ರೂಪಿಸಿದ್ದೇ ಈ ಗುಂಗನ್ನು ಅಳಿಸಲೆಂದು. ತೋಟದ ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಸದ್ದಷ್ಟೇ ಅಲ್ಲ, ತಂತಿ ಮುಟ್ಟಿದಾಗ ಜುಮ್ಮೆನ್ನುವ ಶಾಕ್ ಕೂಡ ಆಗಬಹುದು. ಅದಕ್ಕೆ ಎಲೆಕ್ಟ್ರಿಶಿಯನ್ನರನ್ನು ಕರೆಸಿ ಅರ್ತಿಂಗ್ ಗುಂಡಿಯನ್ನು ನೋಡಿಸಬೇಕೇ ವಿನಾ ಗಿಟಾರ್ ಬದಲಿಸಿ ಪ್ರಯೋಜನವಿಲ್ಲ.

ಹೀಗೆಲ್ಲ ತೂಗಿ ನೋಡಿದಾಗ ನನ್ನ ಒಲವು ಇಂತಿದೆ. ಮೊದಲ ಬಾರಿ ಫ್ಯೂಷನ್‌ಗೆ ಕೈಹಾಕುವವರು, ಹಣದಲ್ಲಿ ಬಿಗಿ ಇರುವವರು ಪೆಸಿಫಿಕಾ ಅಥವಾ ಎಝಡ್‌ಇಎಸ್ ಕೊಂಡು ಉಳಿದ ಹಣವನ್ನು ಒಳ್ಳೆಯ ಆ್ಯಂಪಿಗೆ ಹಾಕಲಿ. ಬೆನ್ನು, ಹೆಗಲುಗಳಲ್ಲಿ ಆಗಲೇ ನೋವಿರುವವರು, ಬಸ್ಸು ಬೈಕುಗಳಲ್ಲಿ ಓಡಾಡುವವರು ಹೆಡ್‌ಲೆಸ್ ಬಿಟ್ಟು ಬೇರೆ ಕಡೆ ನೋಡಬೇಕಾಗಿಲ್ಲ. ಮಾಮೂಲಿ ರೂಪದಲ್ಲೇ ಹಗುರವಾದದ್ದು ಬೇಕು, ಹಂಬಕರ್ ಎರಡೂ ಬೇಕು ಎನ್ನುವವರಿಗೆ ಎಸ್ ಸರಣಿ. ರೆಸಾರ್ಟ್, ಹೋಂಸ್ಟೇಗಳ ಸಂಜೆಯ ಕಾರ್ಯಕ್ರಮಗಳಲ್ಲಿ ಮೆಲುದನಿಯ ಜಾಝ್ ಹೆಚ್ಚು, ಡಿಸ್ಟಾರ್ಷನ್ ಅಪರೂಪ ಎನ್ನುವವರು ಚಿಕ್ಕ ಸೆಮಿ-ಹಾಲೋ ಕೊಂಡರೆ ಪಶ್ಚಾತ್ತಾಪ ಪಡುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಎತ್ತರದ ಸ್ಟೂಲು ಬೇಡ. ಮನೆಯಲ್ಲಿರುವಂಥ ಕೈಯಿಲ್ಲದ ಕುರ್ಚಿ ಕೇಳಿ ಅದರಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಕುಳಿತು ನುಡಿಸಬೇಕು. ನಡುವೆ ಎರಡೂ ಕೈ ತೆಗೆದು ಕತ್ತು ಯಾವ ಕಡೆ ಹೋಗುತ್ತದೆ ಎಂದು ನೋಡಬೇಕು, ನಂತರ ಪಟ್ಟಿ ಹಾಕಿ ನಿಂತು ಅದನ್ನೇ ನೋಡಬೇಕು. ಒಂದನೇ ಫ್ರೆಟ್ ಬಳಿ ಅಗಲವಾದ ಕಾರ್ಡ್ ಹಿಡಿದಾಗ ಎಡ ಮಣಿಕಟ್ಟು ಎಷ್ಟು ಮಡಚುತ್ತದೆ, ಕಡೆಯ ಫ್ರೆಟ್‌ಗಳಿಗೆ ಕೈ ಸಲೀಸಾಗಿ ಹೋಗುತ್ತದೆಯೇ ಎಂಬುದನ್ನು ಆ್ಯಂಪಿಗೆ ಜೋಡಿಸುವ ಮೊದಲೇ ಗಮನಿಸಿದರೆ ಸದ್ದಿನ ಮೋಹ ತೀರ್ಪನ್ನು ಕೆಡಿಸುವುದಿಲ್ಲ.

ಮನೆಗೆ ತಂದ ಗಿಟಾರನ್ನು ಒಂದೆರಡು ವಾರ ಇಲ್ಲಿನ ಹವೆಗೆ ಬಿಟ್ಟು ಆಮೇಲೆ ಸೆಟಪ್ ಮಾಡಿಸಬೇಕು. ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಎತ್ತರ ತೆಳು ತಂತಿಗೆ 1.5, ದಪ್ಪ ತಂತಿಗೆ 2 ಮಿಲಿಮೀಟರ್ ಆಸುಪಾಸಿಗೆ ಬಂದರೆ ಲೆಗಾಟೊ ಸುಲಭವಾಗುತ್ತದೆ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ದಪ್ಪ ತಂತಿಯನ್ನು ಕಡೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಎಂಟನೇ ಫ್ರೆಟ್ ಮೇಲೆ 0.2 ಮಿಲಿಮೀಟರ್‌ನಷ್ಟು ಸಂದು ಕಾಣಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೊಮ್ಮೆ, ಜನವರಿಯ ಒಣಹವೆಯಲ್ಲೊಮ್ಮೆ ಇದನ್ನು ಅಳೆದು, ವ್ಯತ್ಯಾಸ ಕಂಡರೆ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಪಡಿಸಿಕೊಳ್ಳಬೇಕು.